ಒಂದೂವರೆ ಇಂಚಿನ ಗಿಲಾವು

ಈಗ ಸೈಟಿಗೆ ಸೇರುವವರು ಡಿಪ್ಲೊಮಾ ಮುಗಿಸಿ, ತಲೆಗೆ ಹಳದಿ ಟೋಪಿ ಹಾಕಿಕೊಂಡೇ ಬರುತ್ತಾರೆ. ನಮ್ಮ ಕಾಲದಲ್ಲಿ ತಲೆ ಮೇಲೆ ಇದ್ದದ್ದು ಟವೆಲು. ಅಂಥವರಲ್ಲಿ ಒಬ್ಬಿಬ್ಬರು ನನ್ನನ್ನು ಕೇಳಿದ್ದುಂಟು: “ಮೇಸ್ತ್ರಿ, ಹೈದರಾಬಾದಿಗೆ ಅಷ್ಟೊಂದು ಕಂಪ್ಯೂಟರ್ ಬಂದ್ವು. ಅವನ್ನ ಇಡೋ ಕಟ್ಟಡ ಕಟ್ಟಾಕ ಮಾತ್ರ ಮಶೀನು ಯಾಕ ಬರಲಿಲ್ಲ?” ನಾನು ನಕ್ಕು, ಬೇರೆ ಮಾತು ತೆಗೆಯುತ್ತಿದ್ದೆ. ಉತ್ತರ ಗೊತ್ತಿರಲಿಲ್ಲ ಅಂತಲ್ಲ. ನಿಂತ ಕಾಲ ಮೇಲೆ ಹೇಳುವ ಮಾತಲ್ಲ ಅದು. ಈಗ ಕೆಲಸ ಬಿಟ್ಟು ಕುಷಾಯಿಗೂಡದ ಮನೆಯಲ್ಲಿ ಕೂತಿದ್ದೇನೆ. ಹೊತ್ತು ಬಹಳ ಇದೆ, ಮಾತಾಡಿಸುವವರು ಕಡಿಮೆ. ಬರೆಯುತ್ತೇನೆ.

ನಾನು ಯಾದಗಿರಿ ಕಡೆಯವ. ಐದನೆಯ ಇಯತ್ತೆಗೆ ಶಾಲೆ ಬಿಟ್ಟೆ. ಅದರ ಬಗ್ಗೆ ನನಗೆ ನಾಚಿಕೆ ಇಲ್ಲ. ಶಾಲೆ ಬಿಟ್ಟ ಈ ಮಲ್ಲಪ್ಪನ ಪಕ್ಕದಲ್ಲಿ ನಿಂತು ಎಷ್ಟು ಮಂದಿ ಇಂಜಿನಿಯರು ಗೋಡೆ ನೋಡುವುದನ್ನು ಕಲಿತರು ಅನ್ನುವುದು ಅವರಿಗೇ ಗೊತ್ತು. ವಾಡಿಯಲ್ಲಿ ಗಾಡಿ ಬದಲಿಸಿ ಸಿಕಂದರಾಬಾದಿನಲ್ಲಿ ಇಳಿದ ದಿನ ನನ್ನ ಚೀಲದಲ್ಲಿ ಎರಡು ಅಂಗಿ, ಒಂದು ಕರಣೆ, ಗೋಡೆ ನೆಟ್ಟಗಿದೆಯೇ ಅಂತ ದಾರದಲ್ಲಿ ಇಳಿಬಿಟ್ಟು ನೋಡುವ ಒಂದು ತೂಗುಗುಂಡು ಇದ್ದವು. ಕರಣೆಗೆ ಇಲ್ಲಿಯವರು ತಾಪಿ ಅನ್ನುತ್ತಾರೆ. ಹೆಸರು ಏನೇ ಇರಲಿ, ಅಂಗೈಗೆ ಬೀಳುವ ಗಂಟು ಒಂದೇ. ಯಾವಾಗ ಮೇಸ್ತ್ರಿ ಆದೆ, ಯಾವಾಗ ಹೆಡ್ ಮೇಸ್ತ್ರಿ ಆದೆ, ಅದನ್ನೆಲ್ಲ ಬರೆಯುವುದಿಲ್ಲ. ಅದು ನನ್ನ ಮನೆಯವರಿಗೇ ಬೇಡವಾಗಿದೆ, ನಿಮಗೇಕೆ?

ಮೊದಲು ನನ್ನದೇ ಒಂದು ದಡ್ಡತನ ಹೇಳಿಬಿಡುತ್ತೇನೆ, ಮುಂದಿನದನ್ನು ಹೇಳಲು ಬಾಯಿ ಬರುತ್ತದೆ.

ಮಾಧಾಪುರದ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸಲು ಶುರು ಮಾಡಿದ್ದ ದಿನಗಳು. ಅಲ್ಲಿಯ ತನಕ ಸ್ಲ್ಯಾಬ್ ಹಾಕುವುದೆಂದರೆ ಮದುವೆಮನೆ ಇದ್ದ ಹಾಗೆ. ಏಣಿ ಉದ್ದಕ್ಕೂ ಜನ ಸಾಲು ನಿಂತು ಕೈಯಿಂದ ಕೈಗೆ ಬುಟ್ಟಿ ದಾಟಿಸುವುದು, ಪಾಲಮೂರಿನ ಹೆಣ್ಣುಮಕ್ಕಳು ಹಾಡಿಗೆ ಹಾಡು ಕಟ್ಟುವುದು, ಸಂಜೆ ಮಾಲೀಕನ ಖರ್ಚಿನಲ್ಲಿ ಮಟನ್ ಊಟ. ಆ ಸೈಟಿನಲ್ಲಿ ಮೊದಲ ಸಲ ಪಂಪು ಬಂತು. ಕೆಳಗೆ ಲಾರಿಯ ಡ್ರಮ್ಮು ತಿರುಗುತ್ತದೆ, ಪೈಪಿನಲ್ಲಿ ಕಾಂಕ್ರೀಟು ಐದನೆಯ ಮಹಡಿಗೆ ತಾನೇ ಏರುತ್ತದೆ. ನಾವು ಬಾಯಿ ಬಿಟ್ಟುಕೊಂಡು ನೋಡಿದೆವು.

ಒಂದು ಲಾರಿ ದಾರಿಯಲ್ಲಿ ಸಿಕ್ಕಿಕೊಂಡು ಬಹಳ ತಡವಾಗಿ ಬಂತು. ಮಾಲು ಗಟ್ಟಿಯಾಗಿತ್ತು. ಪಂಪು ನರಳಿತು, ಪೈಪು ಕಟ್ಟಿತು. ಎಲ್ಲರೂ ನನ್ನ ಮುಖ ನೋಡಿದರು. ನಾನು ಮೇಸ್ತ್ರಿ, ಸುಮ್ಮನಿದ್ದರೆ ಹೇಗೆ?

“ಡ್ರಮ್ಮಿಗೆ ನಾಕು ಬಕೆಟ್ ನೀರು ಹೊಡೀರಲೇ,” ಅಂದೆ.

ಹೊಡೆದರು. ಕಾಂಕ್ರೀಟು ಅಂಬಲಿ ಹಾಗೆ ಹರಿಯಿತು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಆಗಿನ ನಮ್ಮ ಇಂಜಿನಿಯರು ವಯಸ್ಸಾದವರು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಬಂದು ನೋಡಿ, “ನೀರು ಯಾರು ಹಾಕಿದ್ದು?” ಅಂದರು.

“ನಾನೇ ಸಾಬ್.”

“ಎಷ್ಟು?”

“ಬೇಕಾದಷ್ಟು ಸಾಬ್.”

ನೀರು ಹೆಚ್ಚಾದ ಕಾಂಕ್ರೀಟಿಗೆ ಬಲ ಇರುವುದಿಲ್ಲ ಅಂತ, ಹಸಿ ಇರುವಾಗಲೇ ಅಷ್ಟನ್ನೂ ನನ್ನ ಕೈಯಿಂದಲೇ ಬಾಚಿಸಿ ಹೊರಗೆ ಚೆಲ್ಲಿಸಿದರು. ನನ್ನ ಗ್ಯಾಂಗಿನವರು ಟವೆಲಿನಲ್ಲಿ ಬಾಯಿ ಮುಚ್ಚಿ ನಕ್ಕರು. ಮರುದಿನ ಆ ಇಂಜಿನಿಯರು ನನ್ನ ಕೈಗೆ ಒಂದು ಕಬ್ಬಿಣದ ಡಬ್ಬಿ ಕೊಟ್ಟರು, ಮೇಲೆ ಸಣ್ಣ ಬಾಯಿ, ಕೆಳಗೆ ದೊಡ್ಡದು. ಅದರಲ್ಲಿ ಕಾಂಕ್ರೀಟು ತುಂಬಿ, ಡಬ್ಬಿ ಎತ್ತಿ, ಗುಡ್ಡೆ ಎಷ್ಟು ಕುಸಿಯಿತು ಅಂತ ಅಳೆಯುವುದು. “ಇನ್ನು ಮೇಲೆ ಪ್ರತಿ ಲಾರಿಗೂ ನೀನೇ ಅಳೆ,” ಅಂದರು. ಅಂದಿನಿಂದ ನನಗೆ ಅಳತೆಯ ಹುಚ್ಚು ಹತ್ತಿತು. ‘ಬೇಕಾದಷ್ಟು’ ಅನ್ನುವ ಮಾತು ನನ್ನ ಬಾಯಿಂದ ಮತ್ತೆ ಬಂದಿಲ್ಲ.

ಇನ್ನು ನೀವು ಕೇಳಿದ ಮಾತಿಗೆ ಬರುತ್ತೇನೆ. ಮಶೀನು ಯಾಕೆ ನಿಲ್ಲಲಿಲ್ಲ ಅಂದರೆ ಸಾಹೇಬರು ಹೇಳುತ್ತಿದ್ದದ್ದು: ಕರೆಂಟು ನೆಟ್ಟಗಿಲ್ಲ, ಉಸುಕಿನಲ್ಲಿ ಹರಳು, ಕೆಟ್ಟರೆ ರಿಪೇರಿಯವನು ಇನ್ನೊಂದು ಊರಿಂದ ಬರಬೇಕು, ಇಲ್ಲಿ ಆಳು ಸಸ್ತಾ. ಎಲ್ಲ ಖರೆ. ಕೆಲಸ ಹೋಗುತ್ತದೆ ಅಂತ ನಾವು ಹೆದರಿದ್ದೂ ಖರೆ. ಆದರೆ ಇನ್ನೊಂದು ಕಾರಣ ಇತ್ತು, ಅದನ್ನು ಯಾರೂ ಹೇಳುತ್ತಿರಲಿಲ್ಲ.

ಕಾಂಕ್ರೀಟಿಗೆ ಹಲಗೆಯ ಅಚ್ಚು ಕಟ್ಟುವ ಸೆಂಟ್ರಿಂಗಿನವನು ಅವಸರದಲ್ಲಿ ಹಲಗೆ ಬಿಗಿಯದೆ ಬಿಟ್ಟರೆ ಪಿಲ್ಲರು ಒಂದಿಷ್ಟು ವಾಲುತ್ತದೆ. ಗೋಡೆ ಕಟ್ಟುವವನು ಅದನ್ನು ಎತ್ತಿ ಆಡುವುದಿಲ್ಲ, ವಾಲಿದ ಪಿಲ್ಲರಿಗೆ ಹೊಂದಿಸಿ ಗೋಡೆ ಏರಿಸುತ್ತಾನೆ. ಗಿಲಾವಿನವನೂ, ಅಂದರೆ ಪ್ಲಾಸ್ಟರ್ ಮಾಡುವವನೂ, ಬಾಯಿ ಬಿಡುವುದಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಗಿಲಾವು ಬಡಿದು ನೆಟ್ಟಗೆ ಕಾಣಿಸುತ್ತಾನೆ. ಅವನ ಅಂಕುಡೊಂಕನ್ನು ಬಣ್ಣದವನು ಪುಟ್ಟಿ ಮೆತ್ತಿ ಮುಚ್ಚುತ್ತಾನೆ. ಇದು ಮೋಸ ಅಂತ ನಮಗೆ ಅನಿಸಿದ್ದೇ ಇಲ್ಲ. ಇದು ನಮ್ಮ ನಡುವಿನ ಮರ್ಯಾದೆ. ಇನ್ನೊಬ್ಬನ ಕೆಲಸಕ್ಕೆ ಗುಂಡು ಹಿಡಿದು ತೋರಿಸುವುದೆಂದರೆ ಅವನ ತಾಟಿನ ರೊಟ್ಟಿ ಕಸಿದ ಹಾಗೆ. ಆಗ ನಾನು ನಮ್ಮ ಕಡೆ ಭಾಳ ಹೆಸರಾಗಿದ್ದೆ ಅಂದರೆ, ಹೀಗೆ ಮುಚ್ಚುವುದರಲ್ಲಿ ಹೆಸರಾಗಿದ್ದೆ.

ಹುಸೇನಪ್ಪ ನನ್ನ ಪಕ್ಕದ ಊರಿನವ, ನನ್ನ ಜೊತೆ ಒಂದೇ ಗಾಡಿಗೆ ಬಂದವ. ಅವನ ಗ್ಯಾಂಗು ಗೋಡೆ ಕಟ್ಟುವುದು, ನನ್ನದು ಗಿಲಾವು ಮಾಡುವುದು. ಹದಿನೈದು ವರ್ಷ ಸೈಟಿಂದ ಸೈಟಿಗೆ ಜೋಡಿಯಾಗಿ ಹೋದೆವು. ಮಧ್ಯಾಹ್ನ ಅವನ ಬುತ್ತಿಯ ಜೋಳದ ರೊಟ್ಟಿ, ನನ್ನ ಬುತ್ತಿಯ ಪುಂಡಿಪಲ್ಯ ನಡುವೆ ಇಟ್ಟು ಕೂಡುತ್ತಿದ್ದೆವು.

“ಮಲ್ಯಾ, ನಿನ್ನ ಕೈ ಬಿತ್ತಂದ್ರ ನನ್ನ ಗ್ವಾಡಿ ಮದುಮಗಳು ಆದಂಗ ಆಕ್ಕೈತಿ ನೋಡು,” ಅನ್ನುತ್ತಿದ್ದ.

“ಗೂನ ಬೆನ್ನಿನ ಮದುಮಗಳಿಗೆ ಪೌಡರ್ ಬಡದು ಬಡದು ನನ್ನ ರಟ್ಟಿ ಬಿದ್ದು ಹೋದ್ವು,” ಅನ್ನುತ್ತಿದ್ದೆ.

“ಬಿದ್ರ ಬೀಳ್ಳಿ, ಇನ್ನೊಂದು ರೊಟ್ಟಿ ತಿನ್ನು.”

ಗಚ್ಚಿಬೌಲಿಯ ಕಡೆ ಕಂಪ್ಯೂಟರಿನವರ ಆಫೀಸಿಗಾಗಿ ಒಂದು ದೊಡ್ಡ ಕಟ್ಟಡ ಹಿಡಿದಿದ್ದೆವು. ಅಲ್ಲಿ ಮೈಸೂರಿನ ವಿದ್ಯಾ ಮೇಡಂ ಇಂಜಿನಿಯರು. ವಯಸ್ಸಿನಲ್ಲಿ ನನ್ನ ಮಗಳಷ್ಟು, ಆದರೆ ಏಣಿ ಹತ್ತುವಾಗ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಗೋಡೆ, ಗಿಲಾವು ಎಲ್ಲ ತಡವಾಗುತ್ತಿತ್ತು. ಆಕೆ ಮೇಲಿನವರಿಗೆ ದುಂಬಾಲು ಬಿದ್ದು ಗಿಲಾವಿನ ಮಶೀನು ತರಿಸಿದರು. ಸೈಟಿನ ದೊಡ್ಡ ಸಾಹೇಬರು ಎಲ್ಲರ ಎದುರಿಗೇ ಆಕೆಗೆ ಹೇಳಿದ್ದರು: “ನಡೆದರೆ ನಿಮ್ಮ ಹೆಸರು. ನಡೆಯದಿದ್ದರೆ ನಾಳೆಯಿಂದ ಸೈಟು ಬೇಡ, ಆಫೀಸಿನಲ್ಲಿ ನಕ್ಷೆ ನೋಡಿಕೊಂಡು ಕೂಡಿ.”

ಮಶೀನು ಅಂದರೆ ಎರಡು ಉಕ್ಕಿನ ಕಂಬ. ನೆಲಕ್ಕೂ ಛತ್ತಿಗೂ ಬಿಗಿಯಾಗಿ ಆನಿಸಿ ನಿಲ್ಲಿಸುತ್ತಾರೆ. ನಡುವೆ ಒಂದು ತೊಟ್ಟಿ, ಅದರಲ್ಲಿ ಮಾಲು. ತೊಟ್ಟಿ ಮೇಲೇರುತ್ತ ಗೋಡೆಗೆ ಮಾಲು ಒತ್ತುತ್ತ, ನಯ ಮಾಡುತ್ತ ಹೋಗುತ್ತದೆ. ನಾವು ಇಬ್ಬರು ಅರ್ಧ ದಿನ ಮಾಡುವ ಗೋಡೆ ಅದಕ್ಕೆ ಒಂದು ಬೀಡಿ ಸೇದುವಷ್ಟರ ಕೆಲಸ ಅಂದರು.

ಮೂರನೆಯ ಮಹಡಿಯಲ್ಲಿ ಪರೀಕ್ಷೆ. ಎರಡೂ ಗ್ಯಾಂಗು, ಸಾಹೇಬರು, ಎಲ್ಲ ನೆರೆದೆವು. ತೊಟ್ಟಿ ಏಳಲು ಶುರುವಾಯಿತು. ಕೆಳಗೆ ಗೋಡೆಗೂ ತೊಟ್ಟಿಗೂ ನಡುವೆ ಸಂದು ಬಹಳ; ಮಾಲು ದಪ್ಪ ಬಿತ್ತು. ಮೇಲೆ ಹೋಗುತ್ತ ಹೋಗುತ್ತ ಸಂದು ಕಿರಿದಾಯಿತು. ಛತ್ತಿನ ಹತ್ತಿರ ತೊಟ್ಟಿ ಇಟ್ಟಂಗಿಗೇ ಉಜ್ಜಿ ಕಿರ್ರನೆ ನಿಂತುಬಿಟ್ಟಿತು. ಅಷ್ಟರಲ್ಲಿ ಕೆಳಗಿನ ದಪ್ಪ ಮಾಲು ಜಾರಿ ನೆಲಕ್ಕೆ ಬಿತ್ತು.

“ಹಡದ್ಲು ನೋಡ್ರೋ!” ಅಂತ ಹಿಂದಿನಿಂದ ಯಾರೋ ಕೂಗಿದರು. ಇಡೀ ಮಹಡಿ ನಗೆಯಲ್ಲಿ ಅಲ್ಲಾಡಿತು.

ವಿದ್ಯಾ ಮೇಡಂ ತಮ್ಮ ಲೇಸರ್ ಡಬ್ಬಿ ಇಟ್ಟು ಗೋಡೆಯ ಮೇಲೆ ಕೆಂಪು ಗೆರೆ ಬಿಡಿಸಿದರು. “ಸರ್, ಮಶೀನ್ ಸರಿಯಾಗಿದೆ. ಗೋಡೆ ವಾಲಿದೆ.”

ಸಾಹೇಬರು ಕೈ ಬೀಸಿದರು. “ಈ ಲೈಟು ನಿನ್ನೆ ಬಂದದ್ದು. ಮಲ್ಲಪ್ಪನ ಗುಂಡು ಮೊದಲಿಂದ ನೋಡಿದ್ದೇನೆ. ಕ್ಯಾ ಮಲ್ಲಪ್ಪ, ಗಡಬಡ್ ಮಶೀನಿಂದೋ ಗೋಡೆದೋ?”

ಆ ಗೋಡೆ ವಾಲಿದ್ದು ನನಗೆ ವಾರದ ಹಿಂದೆಯೇ ಗೊತ್ತಿತ್ತು. ಕಣ್ಣಿಗೇ ಕಂಡಿತ್ತು. ಎಂದಿನ ಹಾಗೆ, ನನ್ನ ಗಿಲಾವು ಬರುತ್ತದಲ್ಲ, ಮುಚ್ಚಿದರಾಯಿತು ಅಂದುಕೊಂಡು ಸುಮ್ಮನಿದ್ದೆ. ಹುಸೇನಪ್ಪ ಎದುರಿಗೇ ನಿಂತಿದ್ದ.

“ಸಾಬ್, ನಮ್ಮ ಗ್ವಾಡಿಗೆ ಈ ಮಶೀನು ಹೊಂದಂಗಿಲ್ಲ,” ಅಂದೆ.

ಸುಳ್ಳಲ್ಲ. ನಿಜವೂ ಅಲ್ಲ. ಗ್ಯಾಂಗಿನವರು ಸೀಟಿ ಹೊಡೆದರು. ಸಾಹೇಬರು, ನಾಳೆ ಬೆಳಿಗ್ಗೆ ತೀರ್ಮಾನ ಮಾಡುತ್ತೇನೆ ಅಂದು ಹೋದರು.

ಎಲ್ಲರೂ ಇಳಿದ ಮೇಲೆ ವಿದ್ಯಾ ಮೇಡಂ ನನ್ನ ಹತ್ತಿರ ಬಂದರು. ಸಿಟ್ಟು ಮಾಡುತ್ತಾರೆ ಅಂದುಕೊಂಡಿದ್ದೆ. ಮಾಡಲಿಲ್ಲ.

“ಮಲ್ಲಪ್ಪನವರೇ, ಒಂದೇ ಒಂದು ಕೇಳ್ತೀನಿ. ಗುಂಡು ಹಿಡಿದು ನೋಡಿದ್ರಾ?”

“ಹಿಡೀಲಿಲ್ಲರಿ.”

“ಯಾಕೆ?”

ನಾನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡೆ.

“ನಾನು ಹೇಳಿದ್ರೆ ಅವರು ನಂಬಲ್ಲ. ನೀವು ಹೇಳಿದ್ರೆ ನಂಬ್ತಾರೆ. ಮಶೀನು ಹೋದ್ರೆ ಹೋಗ್ಲಿ. ಅಳತೆ ಮಾತ್ರ ಸರಿಯಾಗಿ ಹೇಳಿ,” ಅಂದು ಇಳಿದು ಹೋದರು.

ಕಾಂಕ್ರೀಟಿನ ಗುಡ್ಡೆ ಅಳೆದು ಅಳೆದು ಮೆರೆದವ ನಾನು. ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಸಂಜೆ ನೀರಿನ ತೊಟ್ಟಿಯ ಹತ್ತಿರ ಹುಸೇನಪ್ಪ ಕಾಲು ತೊಳೆಯುತ್ತಿದ್ದ. ಹೋಗಿ ಹೇಳಿದೆ.

“ಹುಸೇನಾ, ಆ ಗ್ವಾಡಿ ನೀನ ಬಿಚ್ಚಿ ಕಟ್ಟಿಬಿಡು. ನನ್ನ ಮಂದೀನೂ ಕೈ ಹಚ್ಚತಾರ. ಸಾಹೇಬ್ರಿಗೆ ನಾವಾಗೇ ಹೇಳೂಣು.”

“ಏನಂತ ಹೇಳ್ತಿ?”

“ಗ್ವಾಡಿ ವಾಲೇತಿ ಅಂತ.”

ಅವನು ನಕ್ಕ. “ಹದಿನೈದು ವರ್ಷ ವಾಲಿಲ್ಲದ್ದು ಇವತ್ತ ವಾಲ್ತೇನು? ಲೇ ಮಲ್ಯಾ, ಗ್ವಾಡಿ ಯಾಕ ವಾಲೇತಿ ಕೇಳು. ಪಿಲ್ಲರ ವಾಲೇತಿ. ಪಿಲ್ಲರಿಗೆ ಕಾಂಕ್ರೀಟ್ ಹಾಕೂ ದಿನ ಹಲಗಿ ಬಿಗೀಲಿಕ್ಕೆ ಟೈಮ್ ಇಲ್ಲ, ಹಾಕ್ರಿ ಅಂತ ನಿಂತು ಹಾಕಿಸಿದವ್ರು ಯಾರು? ನಿನ್ನ ಸಾಹೇಬ್ರು. ನಾ ಅವರದು ಮುಚ್ಚೀನಿ. ನೀ ನಂದು ಮುಚ್ಚು.”

“ಮಶೀನು ಮುಚ್ಚಂಗಿಲ್ಲಲೇ.”

“ಅದಕ್ಕ ಅದು ಮಶೀನು. ನೀ ಮನಷ್ಯಾ ಅದೀ.”

ಚಪ್ಪಲಿ ಮೆಟ್ಟಿಕೊಂಡು ತನ್ನ ಶೆಡ್ಡಿನ ಕಡೆ ಹೋದ.

ಬೆಳಿಗ್ಗೆ ಮತ್ತೆ ಎಲ್ಲರೂ ಮೂರನೆಯ ಮಹಡಿಗೆ ಬಂದೆವು. ಸಾಹೇಬರು ಬಾಯಿ ತೆರೆಯುವ ಮೊದಲೇ ನಾನು ಗುಂಡು ತೆಗೆದು ಛತ್ತಿನ ಹತ್ತಿರದಿಂದ ಇಳಿಬಿಟ್ಟೆ. ಅದು ಅತ್ತಿತ್ತ ಆಡಿ ನಿಂತಿತು. ಕೆಳಗೆ ಪಟ್ಟಿ ಹಿಡಿದು ಓದಿದೆ.

“ಒಂದೂವರೆ ಇಂಚು ಸಾಬ್. ಮಶೀನಿಂದು ತಪ್ಪಿಲ್ಲ.”

“ಈ ಗೋಡೆ ಯಾರದು?”

ನಾನು ಹೇಳಬೇಕಾಗಿ ಬರಲಿಲ್ಲ. ಹುಸೇನಪ್ಪ ಒಂದು ಹೆಜ್ಜೆ ಮುಂದೆ ಬಂದು, “ನಂದರಿ,” ಅಂದ. ಪಿಲ್ಲರಿನ ಸುದ್ದಿ ಎತ್ತಲೇ ಇಲ್ಲ. ಕೊನೆಗೆ ನಾನೇ ಎತ್ತಿದೆ. “ಸಾಬ್, ಪಿಲ್ಲರಿಗೂ ಗುಂಡು ಹಿಡೀತೀನಿ. ಅದೂ ಹಂಗ ಐತಿ,” ಅಂತ ಸ್ಟೂಲು ಎಳೆದೆ.

“ಮಲ್ಲಪ್ಪ, ಕೇಳಿದಷ್ಟೇ ಅಳೆ,” ಅಂದರು ಸಾಹೇಬರು. ದನಿ ಏರಿಸಲಿಲ್ಲ. ನಾನು ಸ್ಟೂಲಿನ ಮೇಲೆ ಒಂದು ಕಾಲಿಟ್ಟವ ಹಾಗೇ ಇಳಿದೆ. ನನ್ನ ಇಡೀ ಕೆಲಸದಲ್ಲಿ ನಾನು ಮಾಡಿದ ತಪ್ಪು ಯಾವುದು ಅಂದರೆ ಇದು. ನೀರು ಹೊಡೆದದ್ದಲ್ಲ, ಸ್ಟೂಲಿನಿಂದ ಇಳಿದದ್ದು.

ಹುಸೇನಪ್ಪನ ಗ್ಯಾಂಗನ್ನು ಅಂದೇ ಸೈಟಿನಿಂದ ತೆಗೆದರು. ಅವನ ಹೆಂಡತಿ ತಗಡಿನ ಶೆಡ್ಡಿನಿಂದ ಗಂಟು ಕಟ್ಟುವಾಗ ನಾನು ಹೋದೆ. ಹಗ್ಗದ ಇನ್ನೊಂದು ತುದಿ ಹಿಡಿಯಲು ಕೈ ನೀಡಿದೆ. “ಬ್ಯಾಡ್ರಿ ಅಣ್ಣಾರ, ಆಗ್ತೈತಿ,” ಅಂದಳು. ಹುಸೇನಪ್ಪ ನನ್ನ ಕಡೆ ತಿರುಗಲಿಲ್ಲ. ಬೈದಿದ್ದರೆ ಆ ಬೈಗುಳ ಹೊತ್ತುಕೊಂಡು ಬರುತ್ತಿದ್ದೆ.

ಮಶೀನು ಉಳಿಯಿತು ಅಂದುಕೊಂಡಿರಾ? ಇಲ್ಲ. ಅದು ನಡೆಯಬೇಕಾದರೆ ಆ ಮಹಡಿಯ ಗೋಡೆಗಳನ್ನೆಲ್ಲ ಬಿಚ್ಚಬೇಕು. ಗೋಡೆ ಬಿಚ್ಚಿದರೆ ಪಿಲ್ಲರುಗಳು ಬಯಲಾಗುತ್ತವೆ. ಅದು ಯಾರಿಗೂ ಬೇಕಾಗಿರಲಿಲ್ಲ. ಒಂದು ವಾರಕ್ಕೆ ಕಂಬಗಳನ್ನು ಗೋಣಿತಾಟಿನಲ್ಲಿ ಸುತ್ತಿ ಲಾರಿಗೆ ಏರಿಸಿದರು. ‘ಇಲ್ಲಿಯ ಕೆಲಸಗಾರರಿಗೆ ಮಶೀನು ಒಗ್ಗುವುದಿಲ್ಲ’ ಅಂತ ಮೇಲಿನವರಿಗೆ ಕಾಗದ ಹೋಯಿತಂತೆ. ಆಮೇಲೆ ಸಾಹೇಬರು ನನ್ನನ್ನು ಕರೆದು, “ಆ ಗೋಡೆ ನೀನೇ ಮಾಡು, ನಿನ್ನ ಹಳೇ ಪದ್ಧತಿಯಲ್ಲಿ,” ಅಂದರು.

ಮಾಡಿದೆ. ಗ್ಯಾಂಗಿನವರನ್ನು ಬೇರೆ ಕೋಣೆಗೆ ಕಳಿಸಿ ಒಬ್ಬನೇ ಮಾಡಿದೆ. ಕೆಳಗಿನ ದಪ್ಪಕ್ಕೆ ಇಟ್ಟಂಗಿ ಚೂರು ತುಂಬಿ, ಒಂದು ಪದರ ಬಡಿದು, ಒಣಗಲು ಬಿಟ್ಟು, ಮತ್ತೊಂದು ಪದರ. ನನ್ನ ಕೈಯಿಂದ ಅದಕ್ಕಿಂತ ನೆಟ್ಟನೆಯ ಗಿಲಾವು ಬಂದಿಲ್ಲ. ವಿದ್ಯಾ ಮೇಡಂ ಬಂದು ಬಾಗಿಲಲ್ಲಿ ನಿಂತಿದ್ದರು. ಆಕೆಯನ್ನೂ ಆಫೀಸಿಗೆ ಹಾಕಿದ್ದರು.

“ನನ್ನಿಂದ ನಿಮಗೆ ಹೀಗಾಯ್ತು,” ಅಂದರು.

“ನಿಮ್ಮಿಂದ ಅಲ್ಲರಿ ಮೇಡಂ. ನೀವು ಅಳತಿ ಕೇಳಿದ್ರಿ. ಕೇಳಿದವ್ರಿಗೆ ಹೇಳಬೇಕಾಗಿತ್ತು.”

“ಹಾಗಾದ್ರೆ ಇದನ್ನ ಯಾಕೆ ಮುಚ್ತಿದೀರಾ?”

ತಾಪಿ ಕೈಯಲ್ಲೇ ಇತ್ತು. ಮಾಲು ಗಟ್ಟಿಯಾಗುತ್ತಿತ್ತು. ನಾನು ಗೋಡೆಯ ಕಡೆ ತಿರುಗಿದೆ.

ಹುಸೇನಪ್ಪ ಹೋದ ಮರುದಿನ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಬರೀ ಪುಂಡಿಪಲ್ಯ ಇತ್ತು. ರೊಟ್ಟಿ ಅವನ ಮನೆಯದು ಅಂತ ನನ್ನ ಹೆಂಡತಿ ಅಷ್ಟು ವರ್ಷ ಪಲ್ಯ ಒಂದನ್ನೇ ಕಟ್ಟುತ್ತಿದ್ದಳು. ಆಕೆಗೆ ನಾನು ಇನ್ನೂ ಸುದ್ದಿ ಹೇಳಿರಲಿಲ್ಲ.

ಸೈಟಿನ ಸುದ್ದಿಗೆ ಕಾಲು ಬೇಡ. ನಾನು ಮುಂದೆ ಹೋದಲ್ಲೆಲ್ಲ ನನಗಿಂತ ಮೊದಲು ‘ಗುಂಡಿನ ಮಲ್ಲಪ್ಪ’ ಅನ್ನುವ ಹೆಸರು ಹೋಗಿರುತ್ತಿತ್ತು. ಇಂಜಿನಿಯರುಗಳು ಕರೆದು ಖುರ್ಚಿ ಕೊಟ್ಟರು. ಊಟಕ್ಕೆ ಕೂತ ಗ್ಯಾಂಗಿನವರು ಸರಿದು ಜಾಗ ಕೊಡಲಿಲ್ಲ. ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು, ಬೀಡಿ ಕಾಲಡಿ ಹೋಗುತ್ತಿತ್ತು. ನಾನೂ ಸೊಕ್ಕಿನವ, ಬೇಡದವರ ಹತ್ತಿರ ಯಾಕೆ ಹೋಗಲಿ ಅಂತ ಒಬ್ಬನೇ ಸಿಮೆಂಟು ಚೀಲದ ಮೇಲೆ ಕೂತು ಉಣ್ಣುವುದು ರೂಢಿ ಮಾಡಿಕೊಂಡೆ. ಹತ್ತಾರು ವರ್ಷ ಹಾಗೇ ಉಂಡೆ.

ಈಗ ದೊಡ್ಡ ಸೈಟುಗಳಲ್ಲಿ ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆಯನ್ನೂ ಕಾಂಕ್ರೀಟಿನಲ್ಲೇ ಎರೆಯುತ್ತಾರೆ. ಗಿಲಾವೇ ಬೇಡ. ನಾನು ಹೋಗಿ ಅಂಗೈ ಆಡಿಸಿ ನೋಡಿದ್ದೇನೆ, ನುಣ್ಣಗಿದೆ, ಸುಳ್ಳು ಹೇಳಬಾರದು. ಆದರೆ ನಿಮಗೆ ಹೇಳುವುದು ಇಷ್ಟೇ. ಹೊಸ ಮಶೀನು ಬಂದು ನಿಂತರೆ ಮಶೀನಿನ ತಪ್ಪು ಹುಡುಕುವ ಮೊದಲು ಅದು ನಿಂತ ಜಾಗ ಅಳೆಯಿರಿ. ಅಳೆಯುವುದಾದರೆ ಪಿಲ್ಲರಿನಿಂದ ಅಳೆಯಿರಿ. ಯಾರಾದರೂ ಸಾಕು ಅಂದರೆ ಸ್ಟೂಲಿನಿಂದ ಇಳಿಯಬೇಡಿ. ಅರ್ಧ ಅಳೆದರೆ ಕೊನೆಗೆ ಕೆಲಸ ಮಾಡಿದವನೊಬ್ಬನ ಕುತ್ತಿಗೆ ಮಾತ್ರ ಸಿಗುತ್ತದೆ.

ಹುಸೇನಪ್ಪ ಪಟಾನ್‌ಚೆರು ಕಡೆ ಫ್ಯಾಕ್ಟರಿ ಶೆಡ್ಡುಗಳ ಕೆಲಸ ಹಿಡಿದಿದ್ದಾನೆ ಅಂತ ಕೇಳಿದ್ದೆ. ಎರಡು ಸಲ ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಬಂದೆ. ಕೆಲವು ವರ್ಷ ಕಳೆದ ಮೇಲೆ, ಒಂದು ಸಂಜೆ, ಅಲ್ಲಿಯ ಬಸ್ಸಿನ ನಿಲ್ದಾಣದಲ್ಲಿ ಅವನೇ ನಿಂತಿದ್ದ. ಗಡ್ಡ ಬೆಳ್ಳಗಾಗಿತ್ತು. ಫ್ಯಾಕ್ಟರಿ ಬಿಟ್ಟ ಜನದ ನಡುವೆ ನುಗ್ಗಿ ಹೋಗಿ “ಹುಸೇನಾ” ಅಂದೆ.

ತಿರುಗಿ ನೋಡಿದ. ಗುರುತು ಹತ್ತಿತು, ಅದು ಅವನ ಕಣ್ಣಿನಲ್ಲಿ ನನಗೆ ಕಂಡಿತು. ಅಂದ:

“ಬಾಗುನ್ನಾರಾ, ಮೇಸ್ತ್ರಿಗಾರು?”

ತೆಲುಗು. ಸಾಹೇಬರ ಜೊತೆ, ಕಂಡಕ್ಟರ ಜೊತೆ, ಪೇಟೆಯಲ್ಲಿ ನಾವು ಆಡುತ್ತಿದ್ದ ತೆಲುಗು. ನಾವಿಬ್ಬರೇ ಇದ್ದಾಗ ಅದು ನಮ್ಮ ಬಾಯಿಗೆ ಬಂದದ್ದೇ ಇರಲಿಲ್ಲ, ಜಗಳದಲ್ಲೂ ಇಲ್ಲ. ಹೊರಗಿನ ದೊಡ್ಡ ಮನುಷ್ಯನನ್ನು ಕೇಳುವ ಹಾಗೆ ಕೇಳಿದ, ಚೆನ್ನಾಗಿದ್ದೀರಾ ಅಂತ. ಅವನಿಗೆ ಹೇಳಬೇಕು ಅಂತ ನಾನು ಕೂಡಿಟ್ಟುಕೊಂಡಿದ್ದ ಮಾತು ಒಂದು ಚೀಲ ಇತ್ತು. ಒಂದೂ ತೆಲುಗಿನಲ್ಲಿ ಇರಲಿಲ್ಲ.

“ಬಾಗುನ್ನಾನಂಡಿ,” ಅಂದೆ. “ಮೀರು?”

“ಬಾಗುನ್ನಾನು,” ಅಂದ. ಬಸ್ಸು ಬಂತು. “ವಸ್ತಾನಂಡಿ,” ಬರುತ್ತೇನೆ ಅಂತ, ತಲೆಬಾಗಿಸಿ ಹತ್ತಿದ.

ನಾನು ಹೋಗಬೇಕಾಗಿದ್ದ ಬಸ್ಸೂ ಅದೇ. ನಾನು ಹತ್ತಲಿಲ್ಲ.